ಐದು ಸೇತುವೆ ದಾಟಿದ ಭಾನುವಾರ

ನ್ಯೂಯಾರ್ಕ್ ಮ್ಯಾರಥಾನ್ ಓಡಿ ಬಂದವರನ್ನು ಕೇಳಿ ನೋಡಿ. ಎಲ್ಲರೂ ಮೊದಲು ಹೇಳುವುದು ಜನರ ಬಗ್ಗೆ. ದಾರಿಯುದ್ದಕ್ಕೂ ನಿಂತು ಕೂಗುವವರು, ಬ್ಯಾಂಡು, ಚಪ್ಪಾಳೆ, ಬಾಳೆಹಣ್ಣು ಹಿಡಿದು ನಿಂತ ಮಕ್ಕಳು. ಅದೆಲ್ಲ ನಿಜ. ಆದರೆ 2024ರ ನವೆಂಬರ್ 3ರಂದು ಆ 42.195 ಕಿಲೋಮೀಟರ್ ಓಡಿ ಮುಗಿಸಿದ ಮೇಲೆ ನನಗೆ ಹೇಳಬೇಕು ಅನ್ನಿಸುತ್ತಿರುವುದು ಸೇತುವೆಗಳ ಬಗ್ಗೆ. ಈ ದಾರಿಯಲ್ಲಿ ಐದು ಸೇತುವೆಗಳಿವೆ. ಬೀದಿಯಲ್ಲಿ ಜನ ನಮ್ಮನ್ನು ಎಳೆದುಕೊಂಡು ಹೋಗುತ್ತಾರೆ. ಸೇತುವೆ ಮೇಲೆ ನಮ್ಮನ್ನು ನಾವೇ ಎಳೆದುಕೊಂಡು ಹೋಗಬೇಕು. ಓಟ ಗೆಲ್ಲುವುದು, ಸೋಲುವುದು ಅಲ್ಲೇ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಇಷ್ಟೊಂದು ಸೇತುವೆ ಯಾಕೆ ಅಂದರೆ ಊರೇ ಹಾಗಿದೆ. ನ್ಯೂಯಾರ್ಕ್ ನಗರಕ್ಕೆ ಐದು ಭಾಗ: ಸ್ಟೇಟನ್ ಐಲ್ಯಾಂಡ್, ಬ್ರೂಕ್ಲಿನ್, ಕ್ವೀನ್ಸ್, ಬ್ರಾಂಕ್ಸ್, ಮ್ಯಾನ್‌ಹಟನ್. ಇವುಗಳಲ್ಲಿ ಅಮೆರಿಕದ ಮುಖ್ಯ ನೆಲಕ್ಕೆ ಅಂಟಿಕೊಂಡಿರುವುದು ಬ್ರಾಂಕ್ಸ್ ಮಾತ್ರ. ಉಳಿದದ್ದೆಲ್ಲ ದ್ವೀಪಗಳ ಮೇಲಿದೆ. 1970ರಲ್ಲಿ ಈ ಮ್ಯಾರಥಾನ್ ಶುರುವಾದಾಗ ಯಾವ ಸೇತುವೆಯೂ ಇರಲಿಲ್ಲ. ಸೆಂಟ್ರಲ್ ಪಾರ್ಕಿನೊಳಗೇ ಸುತ್ತು ಹೊಡೆಯುತ್ತಿದ್ದರು. ಪ್ರವೇಶಕ್ಕೆ 1 ಡಾಲರ್. ಹೆಸರು ಕೊಟ್ಟವರು 127 ಮಂದಿ, ಮುಗಿಸಿದವರು 55 ಮಂದಿ. 1976ರಲ್ಲಿ, ಅಮೆರಿಕಕ್ಕೆ ಸ್ವಾತಂತ್ರ್ಯ ಬಂದು ಇನ್ನೂರು ವರ್ಷ ತುಂಬಿದಾಗ, ಓಟವನ್ನು ಐದೂ ಭಾಗಗಳಿಗೆ ಹರಡಿದರು. ಆಗ ಸೇತುವೆಗಳು ಸೇರಿಕೊಂಡವು. ನಾನು ಓಡಿದ ವರ್ಷ ಮುಗಿಸಿದವರು 55 ಸಾವಿರಕ್ಕೂ ಜಾಸ್ತಿ.

ಇದರಲ್ಲಿ ಜಾಗ ಸಿಗುವುದು ಸುಲಭವಿಲ್ಲ. ಲಾಟರಿಯಲ್ಲಿ ನೂರಕ್ಕೆ ನಾಲ್ಕೈದು ಜನರಿಗೂ ಸಿಗುವುದಿಲ್ಲ. ದತ್ತಿ ಸಂಸ್ಥೆಗೆ ಹಣ ಸಂಗ್ರಹಿಸಿ ಬರುವವರಿದ್ದಾರೆ, ಹೊರದೇಶದಿಂದ ಟೂರ್ ಕಂಪನಿಗಳ ಮೂಲಕ ಬರುವವರಿದ್ದಾರೆ. ನಮ್ಮಂತೆ ಹತ್ತಿರದಲ್ಲಿ ಇರುವವರಿಗೆ ‘ಒಂಬತ್ತು ಪ್ಲಸ್ ಒಂದು’ ಎಂಬ ದಾರಿ ಇದೆ. ಓಟ ನಡೆಸುವ ನ್ಯೂಯಾರ್ಕ್ ರೋಡ್ ರನ್ನರ್ಸ್ ಸಂಸ್ಥೆಯ ಸದಸ್ಯರಾಗಿ, ವರ್ಷದಲ್ಲಿ ಅವರ ಒಂಬತ್ತು ಓಟ ಓಡಿ, ಒಂದರಲ್ಲಿ ಸ್ವಯಂಸೇವೆ ಮಾಡಿದರೆ ಮುಂದಿನ ವರ್ಷದ ಮ್ಯಾರಥಾನ್‌ಗೆ ಜಾಗ ಖಚಿತ. ನಾನು ಹಿಡಿದದ್ದು ಈ ದಾರಿ. ಜರ್ಸಿ ಸಿಟಿಯಿಂದ ಕತ್ತಲಲ್ಲೇ ಎದ್ದು ಪಾತ್ ರೈಲು ಹಿಡಿದು ಸೆಂಟ್ರಲ್ ಪಾರ್ಕಿಗೆ ಹೋಗಬೇಕಿತ್ತು. ಸ್ವಯಂಸೇವೆಯ ದಿನ ನನಗೆ ನೀರು ಕೊಡುವ ಕೆಲಸ ಬಂತು. ಕಾಗದದ ಲೋಟವನ್ನು ಅಂಗೈ ಮೇಲೆ ಇಟ್ಟು ಕೈ ಚಾಚಬೇಕು. ಓಡುವವರು ಅದರ ಬಾಯಿ ಹಿಂಡಿ ಸಣ್ಣ ಮಾಡಿಕೊಂಡು ಕುಡಿಯುತ್ತಾರೆ, ಆಗ ಮೂಗಿಗೆ ನುಗ್ಗುವುದಿಲ್ಲ. ನವೆಂಬರಿನಲ್ಲಿ ಇದು ನನಗೇ ತುಂಬ ಉಪಯೋಗಕ್ಕೆ ಬಂತು.

ತಯಾರಿ ಜುಲೈನಲ್ಲಿ ಶುರು. ಇಲ್ಲಿನ ಬೇಸಿಗೆಯಲ್ಲಿ ಮಂಗಳೂರಿನ ಥರದ ಸೆಕೆ ಇರುತ್ತದೆ. ಬೆಳಿಗ್ಗೆ ಆರಕ್ಕೇ ಬನಿಯನ್ ಒದ್ದೆ. ವಾರದ ಮಧ್ಯೆ ಸಣ್ಣ ಓಟಗಳು, ಶನಿವಾರ ಉದ್ದದ್ದು. ನಮ್ಮ ಗುಂಪಿನಲ್ಲಿ ಒಬ್ಬ ತಮಿಳು ಗೆಳತಿ ಇದ್ದಾಳೆ. ಈ ಮ್ಯಾರಥಾನ್ ಮೊದಲೇ ಓಡಿದವಳು. ಹಡ್ಸನ್ ನದಿ ದಂಡೆಯ ಸಮತಟ್ಟು ದಾರಿಯಲ್ಲಿ ನಾವು ಆರಾಮಾಗಿ ಓಡುತ್ತಿದ್ದರೆ ಅವಳು ಬಿಡುತ್ತಿರಲಿಲ್ಲ. “ಇಲ್ಲಿ ಓಡಿ ಏನೂ ಪ್ರಯೋಜನ ಇಲ್ಲ, ಸೇತುವೆಗೆ ನಡೀರಿ” ಅಂತ ಜಾರ್ಜ್ ವಾಷಿಂಗ್ಟನ್ ಸೇತುವೆಗೆ ಕರೆದುಕೊಂಡು ಹೋಗುತ್ತಿದ್ದಳು. ಅದು ಮ್ಯಾರಥಾನ್ ದಾರಿಯಲ್ಲಿ ಇಲ್ಲ. ಆದರೂ ಏರು, ಗಾಳಿ, ಕಾಲಡಿ ಅದುರುವ ನೆಲ ಎಲ್ಲ ಅಲ್ಲಿ ಸಿಗುತ್ತದೆ. ಅವಳ ಹಟ ಇಲ್ಲದಿದ್ದರೆ ನನ್ನ ಕಾಲಿಗೆ ಆ ಶಕ್ತಿ ಬರುತ್ತಿರಲಿಲ್ಲ.

ಊಟದ ವಿಷಯವನ್ನೂ ಓಟದಷ್ಟೇ ಅಭ್ಯಾಸ ಮಾಡಬೇಕು. ನಮ್ಮ ಮೈ ಕೂಡಿಟ್ಟುಕೊಳ್ಳುವ ಗ್ಲೈಕೋಜನ್, ಅಂದರೆ ಶಕ್ತಿಗೆ ಬೇಕಾದ ಸಕ್ಕರೆಯ ಸಂಗ್ರಹ, ಸುಮಾರು 30 ಕಿಲೋಮೀಟರಿಗೆ ಖಾಲಿಯಾಗುತ್ತ ಬರುತ್ತದೆ. ಓಡುವವರು ‘ವಾಲ್’ ಅನ್ನುವುದು ಇದಕ್ಕೇ. ಅದು ಖಾಲಿಯಾಗುವ ಮೊದಲೇ ಮೇಲಿಂದ ಮೇಲೆ ತುಂಬಿಸುತ್ತಿರಬೇಕು. ಮುಕ್ಕಾಲು ಗಂಟೆಗೊಂದು ಜೆಲ್ (ಸಿಹಿ ಪಾಕದಂಥ ಪೊಟ್ಟಣ), ನಡುವೆ ಖರ್ಜೂರ, ನೀರಿನ ಜೊತೆ ಉಪ್ಪು. ಉದ್ದ ಓಟದ ಬೆಳಿಗ್ಗೆ ನನ್ನ ಹೊಟ್ಟೆಗೆ ಒಗ್ಗಿದ್ದು ಅವಲಕ್ಕಿ. ಮ್ಯಾರಥಾನ್ ಹಿಂದಿನ ರಾತ್ರಿ ಅನ್ನ, ತಿಳಿಸಾರು, ಸ್ವಲ್ಪ ತುಪ್ಪ. ಹೊಸದೇನೂ ತಿನ್ನಬಾರದು ಅನ್ನುವುದು ಎಲ್ಲ ಓಟಗಾರರ ನಿಯಮ. ನನಗೂ ಅದು ಸರಿ ಅನ್ನಿಸುತ್ತದೆ.

ನವೆಂಬರಿನ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಹಾಕುತ್ತಾರೆ. ಹಾಗಾಗಿ ಆ ರಾತ್ರಿ ಒಂದು ಗಂಟೆ ಜಾಸ್ತಿ ಸಿಗುತ್ತದೆ. ನಿದ್ದೆ ಬಂತಾ ಅಂದರೆ, ಇಲ್ಲ. ಕತ್ತಲಲ್ಲಿ ರೈಲಿನಿಂದ ಇಳಿದು ವೈಟ್‌ಹಾಲ್ ಕಡೆ ನಡೆದು ಸ್ಟೇಟನ್ ಐಲ್ಯಾಂಡ್ ಫೆರಿ ಹತ್ತಿದೆ. ಇಪ್ಪತ್ತೈದು ನಿಮಿಷದ ದಾರಿ, ಟಿಕೆಟ್ ಇಲ್ಲ. ದೋಣಿ ತುಂಬ ಹಳೇ ಸ್ವೆಟರ್ ಹಾಕಿಕೊಂಡ ಓಟಗಾರರು. ಎಲ್ಲರ ಕೈಯಲ್ಲೂ ಒಂದೇ ಥರದ ಪಾರದರ್ಶಕ ಪ್ಲಾಸ್ಟಿಕ್ ಚೀಲ. ಗಂಡನಿಗೆ ಫೋನ್ ಮಾಡಿ ಇಟ್ಟೆ ನೋಡಿ, ಪಕ್ಕದಲ್ಲಿದ್ದ ಹಿರಿಯರು ತಿರುಗಿದರು.

“ಕನ್ನಡದವ್ರಾ ನೀವು?”

“ಹೌದು ಸರ್. ತುಮಕೂರು. ಈಗ ಜರ್ಸಿ ಸಿಟಿಯಲ್ಲಿದ್ದೀವಿ.”

“ನಾನು ಮಲ್ಲೇಶ್ವರ. ಓಡೋಕೆ ಅಂತಾನೇ ಬಂದಿದ್ದೀನಿ ನೋಡಮ್ಮ.”

ಬ್ಯಾಂಕಿನಿಂದ ನಿವೃತ್ತರು, ಅರವತ್ತು ದಾಟಿದವರು. 2008ರಲ್ಲಿ ಬೆಂಗಳೂರಿನಲ್ಲಿ ವರ್ಲ್ಡ್ 10ಕೆ ಓಟ ಶುರುವಾದಾಗ ಆಫೀಸಿನವರ ಒತ್ತಾಯಕ್ಕೆ ಹೆಸರು ಕೊಟ್ಟವರು ಆಮೇಲೆ ಬಿಟ್ಟಿಲ್ಲ. ಕಬ್ಬನ್ ಪಾರ್ಕಿನಲ್ಲಿ ವಾರವಿಡೀ ಓಟ, ಆಗಾಗ ನಂದಿ ಬೆಟ್ಟ. ದೋಣಿ ಇಳಿಯುವ ಮುಂಚೆ ಅವರು ಹೇಳಿದ್ದು ಒಂದೇ ಮಾತು: “ಮೊದಲನೇ ಸೇತುವೆ ಮೇಲೆ ಕಾಲು ಎಷ್ಟು ಕೇಳುತ್ತೋ ಅಷ್ಟು ಕೊಡಬೇಡಮ್ಮ. ಮಧ್ಯಾಹ್ನಕ್ಕೆ ಇಟ್ಕೋ.”

ಓಟ ಹೊರಡುವುದು ಸ್ಟೇಟನ್ ಐಲ್ಯಾಂಡಿನ ಫೋರ್ಟ್ ವಾಡ್ಸ್‌ವರ್ತ್‌ನಿಂದ. ಅಲ್ಲಿ ಕಾಯುವುದೇ ಒಂದು ಓಟ. ಐದು ತಂಡಗಳಾಗಿ ಬಿಡುತ್ತಾರೆ, ಅವಕ್ಕೆ ‘ವೇವ್’ ಅನ್ನುತ್ತಾರೆ. ಮೊದಲನೆಯದು ಒಂಬತ್ತರ ನಂತರ, ಕೊನೆಯದು ಹನ್ನೊಂದೂವರೆಗೆ. ನನ್ನದು ನಾಲ್ಕನೆಯದು, ಹತ್ತಿರ ಹತ್ತಿರ ಹನ್ನೊಂದಕ್ಕೆ. ಅಲ್ಲಿವರೆಗೆ ತೆರೆದ ಹುಲ್ಲಿನ ಮೇಲೆ, ಸಮುದ್ರದ ಗಾಳಿಯಲ್ಲಿ. ಇಟಲಿಯಿಂದ ಬಂದ ದಂಪತಿ ತಾವು ತಂದ ರಟ್ಟಿನ ಹಾಳೆಯಲ್ಲಿ ಅರ್ಧ ನನಗೆ ಬಿಟ್ಟುಕೊಟ್ಟರು. ನಮಗೆ ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ. ಆದರೂ ಅವರ ಮಗಳ ಮದುವೆ ಫೋಟೋಗಳನ್ನೆಲ್ಲ ನೋಡಿದೆ. ಚಳಿಗೆ ಹಾಕಿಕೊಂಡ ಬಟ್ಟೆಯನ್ನು ಹೊರಡುವ ಮುಂಚೆ ಡಬ್ಬಗಳಿಗೆ ಹಾಕುತ್ತೇವೆ. ಅದನ್ನೆಲ್ಲ ಒಟ್ಟು ಮಾಡಿ ದಾನಕ್ಕೆ ಕಳಿಸುತ್ತಾರೆ. ಈ ಏರ್ಪಾಟು ನನಗೆ ಬಹಳ ಹಿಡಿಸಿತು.

ಫಿರಂಗಿ ಸದ್ದಾಯಿತು. ಹೊರಟೆವು.

ವೆರಜಾನೊ ಸೇತುವೆ 1964ರಲ್ಲಿ ತೆರೆದಾಗ ಪ್ರಪಂಚದಲ್ಲೇ ಅತಿ ಉದ್ದದ ತೂಗುಸೇತುವೆ ಅದೇ. ಎರಡು ಗೋಪುರಗಳ ನಡುವೆಯೇ 1,298 ಮೀಟರ್. ಓಟದ ಮೊದಲ ಮೈಲಿ ಪೂರ್ತಿ ಇದರ ಏರು. ಇಡೀ ದಾರಿಯಲ್ಲಿ ಎಲ್ಲಕ್ಕಿಂತ ಎತ್ತರದ ಜಾಗವೂ ಇದೇ. ಆದರೆ ಏರು ಅಂತ ಗೊತ್ತೇ ಆಗುವುದಿಲ್ಲ. ತಿಂಗಳುಗಟ್ಟಲೆ ಕಾದ ಕಾಲು, ಸುತ್ತ ಸಾವಿರಾರು ಜನ, ಮೇಲೆ ಹೆಲಿಕಾಪ್ಟರ್, ಎಡಕ್ಕೆ ದೂರದಲ್ಲಿ ಮ್ಯಾನ್‌ಹಟನ್‌ನ ಕಟ್ಟಡಗಳು. ಬಲಕ್ಕೂ ಎಡಕ್ಕೂ ಜನ ನನ್ನನ್ನು ದಾಟಿ ನುಗ್ಗುತ್ತಿದ್ದರು. ಮಲ್ಲೇಶ್ವರದ ಸರ್ ಹೇಳಿದ್ದು ನೆನಪಿಟ್ಟುಕೊಂಡು ನಾನು ಮಾತಾಡಿಕೊಂಡು ಓಡುವಷ್ಟು ನಿಧಾನಕ್ಕೆ ಇಳಿದೆ. ಸೇತುವೆ ನಡುವೆ ಹೋದಾಗ ಕೂಗಾಟ ಕಡಿಮೆಯಾಯಿತು. ಸಾವಿರಾರು ಬೂಟುಗಳ ಸದ್ದು ಮಾತ್ರ. ನಾನು ಆ ಕಡೆ ಇಳಿಯುವಷ್ಟರಲ್ಲಿ, ಒಂಬತ್ತರ ಸುಮಾರಿಗೆ ಹೊರಟಿದ್ದ ಪುರುಷರ ವಿಭಾಗದಲ್ಲಿ ನೆದರ್ಲೆಂಡ್ಸ್‌ನ ಅಬ್ದಿ ನಗೀಯೆ ಗೆದ್ದಾಗಿತ್ತು. ಒಂದೇ ದಾರಿ, ಒಂದೇ ದಿನ, ಅವರಿಗೂ ನಮಗೂ. ಇಂಥದ್ದು ಬೇರೆ ಯಾವ ಆಟದಲ್ಲಿ ಇದೆ ಹೇಳಿ?

ಬ್ರೂಕ್ಲಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಹಬ್ಬ. ಫೋರ್ತ್ ಅವೆನ್ಯೂ ಉದ್ದಕ್ಕೂ ಚರ್ಚಿನ ಮೆಟ್ಟಿಲ ಮೇಲೆ, ಅಂಗಡಿ ಮುಂದೆ, ಕಿಟಕಿಗಳಲ್ಲಿ ಜನ. ಲಫಾಯೆಟ್ ಅವೆನ್ಯೂನಲ್ಲಿ ಹೈಸ್ಕೂಲ್ ಮಕ್ಕಳ ಬ್ಯಾಂಡು ಒಂದೇ ಹಾಡನ್ನು ಗಂಟೆಗಟ್ಟಲೆ ನುಡಿಸುತ್ತದೆ, ಮೊದಲನೆಯವರಿಗೂ ಕೊನೆಯವರಿಗೂ ಅದೇ ಹಾಡು ಸಿಗಲಿ ಅಂತ. ಆಮೇಲೆ ದಕ್ಷಿಣ ವಿಲಿಯಮ್ಸ್‌ಬರ್ಗ್. ಕಟ್ಟಾ ಸಂಪ್ರದಾಯದ ಹಸಿಡಿಕ್ ಯಹೂದಿಗಳ ಬೀದಿಗಳು. ಅಲ್ಲಿ ಒಮ್ಮೆಗೇ ಮೌನ. ಉದ್ದ ಕಪ್ಪು ಕೋಟಿನ ಗಂಡಸರು ರಸ್ತೆ ದಾಟಲು ಕಾಯುತ್ತಿದ್ದರು. ಕೆಲವು ಪುಟ್ಟ ಮಕ್ಕಳು ಮಾತ್ರ ಕೈ ಚಾಚಿ ನಿಂತಿದ್ದವು.

ಎರಡನೆಯದು ಪುಲಾಸ್ಕಿ ಸೇತುವೆ. ಪೋಲೆಂಡಿನವರು ಹೆಚ್ಚಾಗಿ ನೆಲೆಸಿದ ಗ್ರೀನ್‌ಪಾಯಿಂಟ್‌ನಿಂದ ಕ್ವೀನ್ಸ್‌ಗೆ ದಾಟಿಸುತ್ತದೆ. ಹೆಸರೂ ಪೋಲೆಂಡಿನ ಸೇನಾನಿಯದೇ, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದವನು. ಸಣ್ಣ ಸೇತುವೆ, ಸಣ್ಣ ಏರು. ಆದರೆ ಅರ್ಧ ದಾರಿಯ ಗುರುತು, 21.1 ಕಿಲೋಮೀಟರ್, ಇರುವುದು ಇದರ ಮೇಲೆ. ಇಲ್ಲಿ ನಿಂತು ಅಳುತ್ತಿದ್ದ ಒಬ್ಬ ಹುಡುಗಿಯನ್ನು ಇನ್ನೊಬ್ಬಳು ತಬ್ಬಿಕೊಂಡಿದ್ದಳು. ಪರಿಚಯದವರೋ ಅಲ್ಲವೋ. ಎರಡು ನಿಮಿಷದಲ್ಲಿ ಇಬ್ಬರೂ ನನ್ನನ್ನು ದಾಟಿ ಹೋದರು.

ಮೂರನೆಯದನ್ನು ನಾನು ಯಾವತ್ತೂ ಮರೆಯಲಾರೆ. ಕ್ವೀನ್ಸ್‌ಬರೋ ಸೇತುವೆ, 1909ರದ್ದು. ಈಸ್ಟ್ ರಿವರ್ ಮೇಲೆ, ನಡುವಿನ ರೂಸ್ವೆಲ್ಟ್ ದ್ವೀಪವನ್ನೂ ದಾಟಿ ಮ್ಯಾನ್‌ಹಟನ್‌ಗೆ ಹೋಗುತ್ತದೆ. ಓಟ ಇರುವುದು ಕೆಳಗಿನ ಅಂತಸ್ತಿನಲ್ಲಿ. ತಲೆ ಮೇಲೆ ಇನ್ನೊಂದು ರಸ್ತೆ, ಅಕ್ಕಪಕ್ಕ ಕಬ್ಬಿಣದ ತೊಲೆಗಳು. ಬಿಸಿಲಿನಿಂದ ಒಳಗೆ ಹೋದರೆ ಕತ್ತಲು, ಚಳಿ. ಇದು ಹದಿನೈದನೇ ಮೈಲಿ ಮುಗಿಯುವ ಹೊತ್ತು. ತೊಡೆ ಭಾರ. ಏರು ಮುಗಿಯುತ್ತಲೇ ಇಲ್ಲ. ನೋಡುವವರು ಒಬ್ಬರೂ ಇಲ್ಲ. ಕೇಳಿಸುವುದು ಉಸಿರು, ಬೂಟು, ಅಷ್ಟೇ. ನನ್ನ ಸುತ್ತ ಅರ್ಧಕ್ಕರ್ಧ ಜನ ನಡೆಯತೊಡಗಿದ್ದರು. ಒಬ್ಬರು ಕಂಬಕ್ಕೆ ಕೈ ಕೊಟ್ಟು ಮೀನಖಂಡ ಎಳೆದುಕೊಳ್ಳುತ್ತಿದ್ದರು.

ಆಗ ಮುಂದೆ ಒಂದು ದನಿ ಕೇಳಿತು. ಸಣ್ಣಗೆ, ಒಂದೇ ಸಮನೆ. “ಈಗ ಎಡಕ್ಕೆ ಸ್ವಲ್ಪ. ಮುಂದೆ ಕಬ್ಬಿಣದ ಪಟ್ಟಿ, ಕಾಲೆತ್ತು. ಇನ್ನೂ ಏರಿದೆ. ಚೆನ್ನಾಗಿ ಹೋಗ್ತಿದೀಯ.” ಕಣ್ಣು ಕಾಣದ ಒಬ್ಬ ಓಟಗಾರ, ಅವನ ಜೊತೆ ಒಬ್ಬ ಗೈಡ್. ಇಬ್ಬರ ಕೈಗೂ ಒಂದು ಸಣ್ಣ ದಾರ. ಅಂಗವಿಕಲರನ್ನು ಓಟಕ್ಕೆ ಕರೆದುತರುವ ಅಕಿಲೀಸ್ ಸಂಸ್ಥೆ ಇದೇ ನ್ಯೂಯಾರ್ಕಿನಲ್ಲಿ 1983ರಲ್ಲಿ ಶುರುವಾದದ್ದು. ಅವರ ಗೈಡ್‌ಗಳೆಲ್ಲ ತಮ್ಮ ಸಮಯ ಕೊಟ್ಟು ಬರುವವರು. ನಾನು ಅವರ ಹಿಂದೆಯೇ ಉಳಿದೆ. ಆ ದನಿ ಹೇಳಿದ ಹಾಗೆ ಎಡಕ್ಕೆ ಹೋದೆ, ಕಾಲೆತ್ತಿದೆ. ನನಗೆ ಕಣ್ಣು ಕಾಣುತ್ತಿತ್ತು, ಆದರೂ ಆ ದನಿ ಬೇಕಿತ್ತು. ಏರು ಮುಗಿದು ಇಳಿಜಾರು ಸಿಕ್ಕಾಗ ನಾನು ಅವರಿಬ್ಬರಿಗೂ ಥ್ಯಾಂಕ್ಸ್ ಹೇಳಿದೆ. ಗೈಡ್ ನಕ್ಕ. ಓಡುತ್ತಿದ್ದಾತ ತಿರುಗಿ, “ನೀನು ಅಷ್ಟು ಹೊತ್ತಿಂದ ಹಿಂದೆ ಇದೀಯ ಅಂತ ಗೊತ್ತಿತ್ತು, ನಿನ್ನ ಹೆಜ್ಜೆ ಒಂದೇ ಲಯದಲ್ಲಿದೆ” ಅಂದ. ಇಷ್ಟು ವರ್ಷದ ನನ್ನ ಓಟಕ್ಕೆ ಸಿಕ್ಕ ಅತಿ ದೊಡ್ಡ ಮೆಚ್ಚುಗೆ ಅದು.

ಸೇತುವೆ ಇಳಿದು ತಿರುವು ತೆಗೆದುಕೊಂಡರೆ ಫಸ್ಟ್ ಅವೆನ್ಯೂ. ಆ ಸದ್ದು ಮೊದಲು ಎದೆಗೆ ಬಡಿಯುತ್ತದೆ, ಆಮೇಲೆ ಕಿವಿಗೆ. ಇಲ್ಲಿ ಎಷ್ಟೋ ಜನ ಉಬ್ಬಿಹೋಗಿ ಜೋರಾಗಿ ಓಡಿಬಿಡುತ್ತಾರೆ, ಬ್ರಾಂಕ್ಸ್‌ನಲ್ಲಿ ಅದರ ಲೆಕ್ಕ ತೀರಿಸುತ್ತಾರೆ ಎಂದು ತಮಿಳು ಗೆಳತಿ ಮೊದಲೇ ಹೇಳಿದ್ದಳು. ರಸ್ತೆ ನೇರವಾಗಿ ಐದು ಕಿಲೋಮೀಟರಿಗೂ ಜಾಸ್ತಿ ಹೋಗುತ್ತದೆ, ಕೊನೆ ಕಾಣುವುದಿಲ್ಲ. ನಡುವೆ ಒಂದು ಕಡೆ ಗಂಡ, ಮಗ ನಿಂತಿದ್ದರು. ಮಗ ರಟ್ಟಿನ ಮೇಲೆ ಕನ್ನಡದಲ್ಲಿ “ಅಮ್ಮ, ಓಡು!” ಅಂತ ಬರೆದಿದ್ದ. ಅಪ್ಪ ಬರೆದುಕೊಟ್ಟದ್ದನ್ನು ನೋಡಿ ಅವನೇ ತಿದ್ದಿ ಬರೆದದ್ದಂತೆ. ಗಂಡ ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ ಕೈಗಿಟ್ಟರು. ಅಷ್ಟು ಹೊತ್ತು ಸಿಹಿ ಜೆಲ್ ತಿಂದ ಬಾಯಿಗೆ ಅದು ಅಮೃತ.

ನಾಲ್ಕನೆಯದು ವಿಲ್ಲಿಸ್ ಅವೆನ್ಯೂ ಸೇತುವೆ. ಹಾರ್ಲೆಮ್ ನದಿ ದಾಟಿ ಬ್ರಾಂಕ್ಸ್‌ಗೆ. ಇಪ್ಪತ್ತನೇ ಮೈಲಿ ಇಲ್ಲೇ ಬರುತ್ತದೆ, ಅಂದರೆ 32 ಕಿಲೋಮೀಟರ್. ತಯಾರಿಯಲ್ಲಿ ನಾವು ಇಷ್ಟೇ ದೂರದವರೆಗೆ ಓಡಿರುತ್ತೇವೆ. ಇದರಾಚೆ ಮೈಗೆ ಏನಾಗುತ್ತದೆ ಎಂದು ಮೊದಲ ಸಲ ಓಡುವ ಯಾರಿಗೂ ತಿಳಿದಿರುವುದಿಲ್ಲ. ನನಗೆ ಕೈ ಬೆರಳು ತಣ್ಣಗಾಯಿತು. ಲೆಕ್ಕ ಹಾಕಲು ಆಗುತ್ತಿರಲಿಲ್ಲ, ಉಳಿದದ್ದು ಎಷ್ಟು ಮೈಲಿ ಎಂದು ಕೂಡ. ಇನ್ನೊಂದು ಜೆಲ್ ತಿಂದೆ, ಒಂದು ನೀರಿನ ಮೇಜಿನಿಂದ ಇನ್ನೊಂದರವರೆಗೆ ಓಡುವುದು, ಕುಡಿಯುವಾಗ ಮಾತ್ರ ನಡೆಯುವುದು ಎಂದು ಗಟ್ಟಿ ಮಾಡಿಕೊಂಡೆ. ಬ್ರಾಂಕ್ಸ್ ದಾರಿ ಒಂದೇ ಮೈಲಿ. ಆದರೆ ಅಲ್ಲಿನ ಜನ ಹೆಸರು ನೋಡಿ, ತಪ್ಪು ತಪ್ಪಾಗಿ ಉಚ್ಚರಿಸಿ, ಮತ್ತೆ ಸರಿಮಾಡಿಕೊಂಡು ಕೂಗುತ್ತಿದ್ದರು. ಆ ಪ್ರೀತಿ ದೊಡ್ಡದು.

ಐದನೆಯದು ಮ್ಯಾಡಿಸನ್ ಅವೆನ್ಯೂ ಸೇತುವೆ. ತೀರಾ ಚಿಕ್ಕದು. ಇದೇ ಕೊನೆಯ ಸೇತುವೆ ಎಂದು ಬರೆದ ಬೋರ್ಡ್ ಹಿಡಿದು ಪ್ರತಿ ವರ್ಷ ಇಲ್ಲಿ ಯಾರಾದರೂ ನಿಂತಿರುತ್ತಾರೆ. ಅದನ್ನು ನೋಡಿ ಎಲ್ಲರೂ ಕೈ ಎತ್ತಿ ಕೂಗಿದೆವು.

ಕೊನೆಯ ಸೇತುವೆ ಮುಗಿಯಿತು, ಏರು ಮುಗಿದಿರಲಿಲ್ಲ. ಹಾರ್ಲೆಮ್ ದಾಟಿ ಫಿಫ್ತ್ ಅವೆನ್ಯೂನಲ್ಲಿ 110ನೇ ಬೀದಿಯಿಂದ 90ನೇ ಬೀದಿವರೆಗೆ ರಸ್ತೆ ಸುಮ್ನೆ ಏರುತ್ತಲೇ ಹೋಗುತ್ತದೆ. ಕಣ್ಣಿಗೆ ಕಾಣದ ಏರು, ಕಾಲಿಗೆ ಮಾತ್ರ ಗೊತ್ತಾಗುವುದು. ಪಕ್ಕದಲ್ಲೇ ಸೆಂಟ್ರಲ್ ಪಾರ್ಕಿನ ಹಳದಿ ಎಲೆಗಳು. 90ನೇ ಬೀದಿಯ ಬಾಗಿಲಲ್ಲಿ ಒಂದು ಕಂಚಿನ ವಿಗ್ರಹ ಇರುತ್ತದೆ, ಈ ಮ್ಯಾರಥಾನ್ ಕಟ್ಟಿದ ಫ್ರೆಡ್ ಲೆಬೋ ಅವರದು. ರೊಮೇನಿಯಾದಿಂದ ವಲಸೆ ಬಂದವರು. ವರ್ಷವರ್ಷ ಓಟ ನಡೆಸುವುದರಲ್ಲೇ ಮುಳುಗಿ, ಐದು ಭಾಗಗಳ ಈ ದಾರಿಯನ್ನು ತಾವೇ ಓಡಿರಲಿಲ್ಲ. ಮೆದುಳಿನ ಕ್ಯಾನ್ಸರ್ ಬಂದ ಮೇಲೆ, 1992ರಲ್ಲಿ, ಅರವತ್ತನೇ ವಯಸ್ಸಿನಲ್ಲಿ ಓಡಿದರು. ಪಕ್ಕದಲ್ಲಿ ನಾರ್ವೆಯ ಗ್ರೇಟಾ ವೈಟ್ಸ್, ಇದೇ ಓಟವನ್ನು ಒಂಬತ್ತು ಸಲ ಗೆದ್ದಾಕೆ. ಇಬ್ಬರೂ ಜೊತೆಯಾಗಿ 5 ಗಂಟೆ 32 ನಿಮಿಷ 35 ಸೆಕೆಂಡಿನಲ್ಲಿ ಮುಗಿಸಿದರು. ಲೆಬೋ ತೀರಿಕೊಂಡದ್ದು 1994ರಲ್ಲಿ. ಓಟದ ದಿನ ಆ ವಿಗ್ರಹವನ್ನು ಮುಗಿಯುವ ಗೆರೆಯ ಹತ್ತಿರ ಒಯ್ದು ನಿಲ್ಲಿಸುತ್ತಾರೆ. ಖಾಲಿ ಜಾಗ ದಾಟುವಾಗ ನಾನು ಯೋಚಿಸಿದ್ದು ವೈಟ್ಸ್ ಬಗ್ಗೆ. ಎರಡೂವರೆ ಗಂಟೆಯೊಳಗೆ ಓಡಬಲ್ಲವರು ಗೆಳೆಯನಿಗಾಗಿ ಐದೂವರೆ ಗಂಟೆ ಓಡಿದರಲ್ಲ. ಅದು ನನಗೆ ಆಕೆಯ ಒಂಬತ್ತು ಗೆಲುವಿಗಿಂತ ದೊಡ್ಡದು.

ಪಾರ್ಕಿನೊಳಗೆ ಏರಿಳಿತ, ಮತ್ತೆ ಹೊರಗೆ 59ನೇ ಬೀದಿ, ಕೊಲಂಬಸ್ ಸರ್ಕಲ್, ಮತ್ತೆ ಒಳಗೆ. ಬಿಸಿಲು ಇಳಿಯುತ್ತಿತ್ತು. ಹೊರಟು ಐದು ಗಂಟೆಗಿಂತ ಸ್ವಲ್ಪ ಜಾಸ್ತಿ ಆಗಿತ್ತು ನನಗೆ. ಗೆರೆ ದಾಟಿದೆ. ಹದಿಹರೆಯದ ಹುಡುಗನೊಬ್ಬ ಕುತ್ತಿಗೆಗೆ ಪದಕ ಹಾಕಿದ. ಕಾಲು ನಿಂತದ್ದೇ ನಡುಕ ಶುರು. ಒಂದು ವಿಷಯ ಮೊದಲೇ ತಿಳಿದಿರಲಿ: ಗೆರೆ ದಾಟಿದ ಮೇಲೆ ಹೊರಗೆ ಬರಲು ತುಂಬ ದೂರ ನಡೆಯಬೇಕು. ಕೊಟ್ಟ ಚೀಲದಲ್ಲಿದ್ದ ಸೇಬನ್ನು ತಿನ್ನುತ್ತ, ಬೆಚ್ಚನೆಯ ಪಾಂಚೋ ಹೊದ್ದುಕೊಂಡು ಸಾಲುಸಾಲಾಗಿ ಕುಂಟುತ್ತ ಹೋದೆವು. ಪಾಂಚೋ ಕೊಡುವವರು ಅದನ್ನು ಸುಮ್ನೆ ಕೈಗೆ ಕೊಡುವುದಿಲ್ಲ. ಹೆಗಲಿಗೆ ಹೊದಿಸಿ, ಕುತ್ತಿಗೆ ಹತ್ತಿರ ಅಂಟಿಸಿ, ಬೆನ್ನು ತಟ್ಟಿ ಕಳಿಸುತ್ತಾರೆ. ಸಬ್‌ವೇಯಲ್ಲಿ ಗುರುತಿಲ್ಲದ ಇಬ್ಬರು ಎದ್ದು ಜಾಗ ಬಿಟ್ಟರು.

ಮರುದಿನ ಮಲ್ಲೇಶ್ವರದ ಸರ್ ಹೋಟೆಲಿನಿಂದ ಫೋನ್ ಮಾಡಿದರು. ಕತ್ತಲಾದ ಮೇಲೆ ಮುಗಿಸಿದರಂತೆ, ದೀಪ ಹಾಕಿದ ಪಾರ್ಕಿನಲ್ಲಿ.

“ಆ ಮೂರನೇ ಸೇತುವೆ ಅರ್ಧ ನಡೆದುಬಿಟ್ಟೆ ಕಣಮ್ಮ. ನಂದಿ ಬೆಟ್ಟದಲ್ಲಿ ಏರು ಕಲಿತೆ, ಸರಿ. ಆದ್ರೆ ಅಲ್ಲಿ ಜೊತೆಗೆ ನಾಲ್ಕು ಜನ ಇರ್ತಾರಲ್ಲ. ಇಲ್ಲಿ ಒಬ್ಬನೇ ಅನ್ನಿಸಿಬಿಡ್ತು.”

ನಾನು ಗೈಡ್ ಕಥೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

“ಬೆಂಗಳೂರಲ್ಲೂ ಕಣ್ಣು ಕಾಣದವ್ರ ಜೊತೆ ಓಡೋರು ಬೇಕಾಗಿರ್ತಾರೆ, ಅಲ್ವಾ? ಹೋದ ತಕ್ಷಣ ಕಬ್ಬನ್ ಪಾರ್ಕಲ್ಲಿ ವಿಚಾರಿಸ್ತೀನಿ. ನನ್ನ ಸ್ಪೀಡಿಗೆ ಹೊಂದೋರು ಒಬ್ರಾದ್ರೂ ಇರ್ತಾರೆ.”

ನಾನೂ ಈ ವರ್ಷ ಗೈಡ್ ತರಬೇತಿಗೆ ಹೆಸರು ಕೊಟ್ಟಿದ್ದೇನೆ.